ಹೆದರುವ ಮಶೀನು

ಮೊನ್ನೆ ಶುಕ್ರವಾರ ದೋಹಾದ ಮದೀನತ್ ಖಲೀಫಾದಲ್ಲಿ ಒಬ್ಬ ದೋಸ್ತಿಯ ಮನೆಗೆ ಊಟಕ್ಕೆ ಹೋಗಿದ್ದೆ. ಕೋಳಿ ಸುಕ್ಕ, ನೀರ್ದೋಸೆ ಎಲ್ಲ ಮುಗಿಸಿ, ಪ್ಯಾಂಟಿನ ಗುಂಡಿ ಒಂದು ಸಡಿಲ ಮಾಡಿ ಸೋಫಾದಲ್ಲಿ ಅರ್ಧ ಮಲಗಿದ್ದೆ. ದೋಸ್ತಿಯ ಹೆಂಡತಿ ಆಚೆ ಕುರ್ಚಿಯಲ್ಲಿ ಕೂತು ಉಗುರಿನ ಬಣ್ಣ ತೆಗೆಯುವ ಸಣ್ಣ ಬಾಟಲಿಯ ಮುಚ್ಚಳ ಬಿಚ್ಚಿದ್ರು. ವಾಸನೆ ಬಂತು...

ಅಷ್ಟೇ. ನಾನು ಎದ್ದದ್ದು ನನಗೆ ಗೊತ್ತಿಲ್ಲ. ಏಸಿ ಆಫ್ ಮಾಡಿದ್ದು ಗೊತ್ತಿಲ್ಲ. ಟೀಪಾಯಿ ಮೇಲಿದ್ದ ಫೋನುಗಳನ್ನೆಲ್ಲ ಬಾಚಿ ಅವರ ಫ್ರಿಜ್ಜಿನಲ್ಲಿ ಬೆಂಡೆಕಾಯಿ ಪಕ್ಕ ಇಟ್ಟು, ಬಾಲ್ಕನಿ ಬಾಗಿಲಿನ ಹಿಡಿ ಎರಡೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ದೆ. ದೋಸ್ತಿ ನನಗೆ ಅಟ್ಯಾಕ್ ಆಯ್ತು ಅಂತ ತಿಳ್ಕೊಂಡು ನೀರು ತರ್ಲಿಕ್ಕೆ ಓಡಿದ. ಅವನ ಹೆಂಡತಿ ಕೈಯಲ್ಲಿ ಹತ್ತಿ ಹಿಡ್ಕೊಂಡು ನನ್ನನ್ನೇ ನೋಡಿದ್ರು. "ಎಂತ ಆಯ್ತು ನಿಮಗೆ? ಒಮ್ಮೆ ಮುಖ ನೋಡಿ ನಿಮ್ದು!"

ರೈಫಲ್ಲಿನ ಮದ್ದಿಗೆ ಹೆಚ್ಚುಕಡಿಮೆ ಅದೇ ವಾಸನೆ ಅಂತ ಅವರಿಗೆ ಹೇಗೆ ಗೊತ್ತಿರ್ಬೇಕು? ಆ ವಾಸನೆ ಬಂದ್ರೆ ಏಸಿ ಆಫ್ ಮಾಡ್ಬೇಕು, ಫೋನ್ ಆಚೆ ಇಡ್ಬೇಕು, ಕಬ್ಬಿಣ ಮುಟ್ಟಬೇಕು ಅಂತ ನನ್ನ ಮೈಗೆ ಕಲಿಸಿದವರು ಒಬ್ಬರಿದ್ದರು. ಕತಾರಿನಲ್ಲಿ ಇರುವ ಅಷ್ಟೂ ಜನರಲ್ಲಿ ಅವರಷ್ಟು ಹೆದರುಪುಕ್ಕಲರನ್ನು ನಾನು ನೋಡಿಲ್ಲ. ಕನ್ನಡಿಯಲ್ಲಿ ಕಾಣುವವನನ್ನು ಬಿಟ್ಟು.

ಅವರನ್ನು ಎಲ್ಲರೂ ಕಾಕಾ ಅಂತಿದ್ದರು. ಬೆಳಗಾವಿ ಕಡೆಯವರು, ಮಿಲಿಟರಿಯಿಂದ ರಿಟೈರಾಗಿ ಬಂದವರು. ಅಲ್ ಶಮಾಲ್ ಕಡೆ ಹೋಗುವ ದಾರಿಯಲ್ಲಿ, ಮರಳಿನ ಮಧ್ಯೆ ಇದ್ದ ಒಂದು ಶೂಟಿಂಗ್ ಕ್ಲಬ್ಬಿನಲ್ಲಿ ರೈಫಲ್ಲಿನ ತೋಟಾ, ಅವರ ಬಾಯಲ್ಲಿ ಕಾಡತೂಸ, ತುಂಬಿಸುವ ಕೆಲಸ ಅವರದ್ದು. ಹೊಡೆದು ಖಾಲಿಯಾದ ಹಿತ್ತಾಳೆ ತೋಟಾವನ್ನು ಅಲ್ಲಿ ಬಿಸಾಡ್ತಿರಲಿಲ್ಲ. ತೊಳೆದು, ಹೊಸ ಮದ್ದು ತೂಗಿ ತುಂಬಿಸಿ, ಮೇಲೆ ಗುಂಡು ಕೂರಿಸಿ ಮತ್ತೆ ಉಪಯೋಗಿಸ್ತಿದ್ದರು. ಸ್ಪರ್ಧೆಗೆ ಹೊಡೆಯುವವರಿಗೆ ಅಂಗಡಿಯ ತೋಟಾ ಸರಿ ಬರುವುದಿಲ್ಲ. ದರ್ಜಿ ಹತ್ತಿರ ಹೊಲಿಸಿದ ಅಂಗಿ ಹಾಗೆ, ಅವರವರ ರೈಫಲ್ಲಿನ ಅಳತೆಗೇ ಬೇಕು.

ನಾನು ಆ ಕ್ಲಬ್ಬಿಗೆ ಸೇರಿದ್ದು ಪರ್ಚೇಸ್ ಅಸಿಸ್ಟೆಂಟ್ ಆಗಿ. ನನ್ನ ಮೊದಲ ಸಾಧನೆ ಟಿಶ್ಯೂ ಪೇಪರು. ಕೆಲವು ಪೆಟ್ಟಿಗೆ ಬೇಕಿದ್ದ ಜಾಗದಲ್ಲಿ ನಾನು ಕಂಪ್ಯೂಟರಿನಲ್ಲಿ ಎಂತ ಒತ್ತಿದೆನೋ, ಒಂದು ದಿನ ಹಮದ್ ಬಂದರಿನಿಂದ ಫೋನ್ ಬಂತು: ನಿಮ್ಮ ಕಂಟೇನರ್ ಬಂದಿದೆ, ಎಲ್ಲಿ ಇಳಿಸ್ಬೇಕು? ಇಡೀ ಕತಾರಿಗೆ ಒಟ್ಟಿಗೆ ಶೀತ ಆದ್ರೂ ಸಾಕಾಗುವಷ್ಟು ಟಿಶ್ಯೂ. ಮ್ಯಾನೇಜರು ಲೆಬನಾನಿನವ. ತಲೆ ಮೇಲೆ ಕೈ ಇಟ್ಟು, "ಹಬೀಬಿ, ನೀನು ಖಲಾಸ್" ಅಂದ. ಆದ್ರೆ ಕೆಲಸದಿಂದ ತೆಗೀಲಿಲ್ಲ. ಮದ್ದಿನ ರೂಮಿಗೆ ಕಳಿಸಿದ. ಊರಲ್ಲಿ ಅಮ್ಮನಿಗೆ ಫೋನಿನಲ್ಲಿ "ಮದ್ದಿನ ರೂಮಲ್ಲಿ ಕೆಲಸ" ಅಂದೆ. ಅವಳು ಪುತ್ತೂರಿನ ಅರ್ಧ ಪೇಟೆಗೆ ಮಗ ಮೆಡಿಕಲ್ ಶಾಪಲ್ಲಿದ್ದಾನೆ ಅಂತ ಹೇಳಿ ಬಂದಳು. ನಾನು ತಿದ್ದಲಿಲ್ಲ. ಅವಳಾದ್ರೂ ಆರಾಮಾಗಿ ಇರ್ಲಿ.

ಮೊದಲ ದಿನ ನಾನು ಬಾಗಿಲು ದೂಡಿ ಒಳಗೆ ಕಾಲಿಟ್ಟದ್ದೇ, ಒಳಗಿನಿಂದ "ನಿಲ್ಲು!" ಅಂತ ಒಂದು ಕೂಗು. ಎರಡೂ ಕೈ ಮೇಲೆತ್ತಿದೆ. ಕಾಕಾ ನನ್ನ ಅಂಗಿಯ ಬಟ್ಟೆ ಮುಟ್ಟಿ ನೋಡಿದ್ರು. ಕಾಟನ್ ಅಲ್ಲ. ಆಚೆ ಹೋಗಿ ಕಾಟನ್ ಅಂಗಿ ಹಾಕ್ಕೊಂಡು ಬಾ ಅಂದ್ರು. ಫೋನು ಹೊರಗಿನ ಡಬ್ಬಕ್ಕೆ. ಆಮೇಲೆ ಮೇಜಿನ ಕಬ್ಬಿಣದ ಕಾಲು ಮುಟ್ಟಬೇಕು. ಇಲ್ಲಿಯ ಚಳಿಗಾಲದಲ್ಲಿ ಕಾರಿನ ಬಾಗಿಲು ಮುಟ್ಟಿದ್ರೆ ಚಟ್ ಅಂತ ಕಿಡಿ ಹಾರ್ತದಲ್ಲ, ಆ ಕಿಡಿಯ ಹೆದರಿಕೆ ಅವರಿಗೆ. ನಾನು ದಿನಾ ದೇವಸ್ಥಾನದ ಹೊಸ್ತಿಲಿನ ಹಾಗೆ ಆ ಮೇಜಿನ ಕಾಲು ಮುಟ್ಟಿ ಕಣ್ಣಿಗೊತ್ತಿಕೊಳ್ತಿದ್ದೆ, ತಮಾಷೆಗೆ. ಕಾಕಾ ನಗ್ತಿರಲಿಲ್ಲ. "ಛಲೋ ಆತು, ಇನ್ನೊಮ್ಮೆ ಮುಟ್ಟು" ಅಂತಿದ್ದರು.

ತೂಗುವಾಗ ಏಸಿ ಬಂದ್. ದೋಹಾದಲ್ಲಿ ಏಸಿ ಬಂದ್ ಮಾಡಿ ಕೂರುವುದು ಅಂದ್ರೆ ಎಂತ ಅಂತ ಅನುಭವಿಸಿದವರಿಗೇ ಗೊತ್ತು. ಗಾಳಿ ಬಂದ್ರೆ ತಕ್ಕಡಿ ಅಲುಗ್ತದೆ ಅಂತ ಅವರ ಹೆದರಿಕೆ. ಹಳೇ ಹಿತ್ತಾಳೆ ತಕ್ಕಡಿ, ಪುಟ್ಟ ಚಮಚ, ಸಾಸಿವೆಗಿಂತ ಸಣ್ಣ ಮದ್ದಿನ ಕಾಳು. ಮದ್ದು ಕಡಿಮೆಯಾದ್ರೆ ಗುಂಡು ನಳಿಗೆಯಲ್ಲೇ ಸಿಕ್ಕಿಬೀಳಬಹುದು. ಹೆಚ್ಚಾದ್ರೆ ರೈಫಲು ಹಿಂದಕ್ಕೆ ಒಡೆಯಬಹುದು. ಹಿಂದೆ ಇರುವುದು ಹೊಡೆಯುವವನ ಕೆನ್ನೆ.

"ನಮ್ಮ ಪಲ್ಟನ್ನಿನ್ಯಾಗ ಒಬ್ಬ ಹುಡುಗ ಇದ್ದ, ತಮ್ಮಾ. ಭಾಳ ಚಂದ ಮಾರಿ ಅವಂದು..." ಅಂತ ಒಂದು ದಿನ ಶುರು ಮಾಡಿದ್ರು. ಅವರ ಕಡೆ ಮುಖಕ್ಕೆ ಮಾರಿ ಅಂತಾರೆ. ಅಷ್ಟು ಹೇಳಿ ಕಾಕಾ ತಕ್ಕಡಿ ಒರೆಸ್ಲಿಕ್ಕೆ ಶುರು ಮಾಡಿದ್ರು. ಮತ್ತೆ ಎರಡು ಮೂರು ಸಲ ಆ ಹುಡುಗನ ಕತೆ ಅಲ್ಲಿಯವರೆಗೇ ಬಂತು, ಅಲ್ಲಿಯೇ ನಿಂತಿತು. ನಾನು ಬಾಯಿಬಡುಕ, ಆದ್ರೂ ಕೇಳ್ಲಿಕ್ಕೆ ಧೈರ್ಯ ಬರಲಿಲ್ಲ...

ಅವರದ್ದೊಂದು ಪದ್ಧತಿ ಇತ್ತು. ಹೊಸದಾಗಿ ತುಂಬಿಸಿದ ತೋಟಾಗಳಲ್ಲಿ ಮೊದಲನೆಯದ್ದನ್ನು ಅವರೇ ಹೊಡೀಬೇಕು. ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡು, ಗುಂಡು ಹೊಡೆಯುವ ರೇಂಜಿಗೆ ಹೋಗಿ, ಮಲಗಿ, ಹೊಡೆದು, ಎದ್ದು ನಿಂತು ಮೂಗು ಮುಟ್ಟಿ, ಎರಡೂ ಕಿವಿ ಮುಟ್ಟಿ, ಕೆನ್ನೆ ಸವರಿ "ಮಾರಿ ಐತಿ" ಅಂತಿದ್ದರು. ಅದಾದ ಮೇಲೆಯೇ ತೋಟಾ ಬೇರೆಯವರ ಕೈಗೆ. ನಾನು ರಾತ್ರಿ ಮಲಗುವ ರೂಮಿಗೆ ಬಂದು ಅದೇ ಆಕ್ಷನ್ ಮಾಡಿ ತೋರಿಸಿ ಜೊತೆಯವರನ್ನೆಲ್ಲ ನಗಿಸ್ತಿದ್ದೆ.

ಇಂಥ ಮನುಷ್ಯ ಒಂದು ದಿನ ತಾವೇ ಮ್ಯಾನೇಜರ ಹತ್ತಿರ ಹೋಗಿ, ಮದ್ದು ತೂಗ್ಲಿಕ್ಕೆ ಎಲೆಕ್ಟ್ರಾನಿಕ್ ಮಶೀನು ಬೇಕು ಅಂತ ಕೇಳಿದ್ರು. ನನಗೆ ಆಶ್ಚರ್ಯ. ಫೋನಿಗೆ ಹೆದರುವವರಿಗೆ ಮಶೀನು ಯಾಕೆ? ಮ್ಯಾನೇಜರಿಗೆ ಖುಷಿ, ಸ್ಪರ್ಧೆ ಹತ್ತಿರ ಬಂದಿತ್ತು. ಟ್ರಯಲ್ಲಿಗೆ ಎರಡು ಮಶೀನು ತರಿಸಿದ. ಎರಡರ ಕೆಲಸವೂ ಒಂದೇ. ಮೇಲಿನ ಡಬ್ಬಿಗೆ ಮದ್ದು ಸುರಿದು, ಎಷ್ಟು ಬೇಕು ಅಂತ ಒತ್ತಿದ್ರೆ, ತಾನೇ ಉದುರಿಸಿ, ತಾನೇ ತೂಗಿ, ಸರಿಯಾದ ಕೂಡಲೇ ನಿಲ್ಲಿಸ್ತದೆ. ಒಂದು ಕಪ್ಪು ಬಣ್ಣದ್ದು, ನೀಲಿ ಲೈಟು, ಫೋನಿನಿಂದಲೇ ನಡೆಸಬಹುದು, ಭಾರೀ ಸ್ಪೀಡು. ಇನ್ನೊಂದು ಬೂದು ಬಣ್ಣದ್ದು, ನಮ್ಮ ಅಜ್ಜಿಯ ಹಳೇ ರೇಡಿಯೋ ಹಾಗೆ ಕಾಣ್ತಿತ್ತು. ಒಂದೊಂದು ಕಾಳನ್ನು ಯೋಚನೆ ಮಾಡಿ ಮಾಡಿ ಉದುರಿಸ್ತಿತ್ತು.

ನಾನು ಪೆಟ್ಟಿಗೆ ಬಿಚ್ಚಿದ ಕೂಡಲೇ ಹೇಳಿಬಿಟ್ಟೆ, ಕಪ್ಪೇ ಬೇಕು ಅಂತ. ಮ್ಯಾನೇಜರ್ ಬೆನ್ನು ತಟ್ಟಿದ. "ಯಲ್ಲಾ, ಯಲ್ಲಾ!" ಅಂದ, ನಡೀಲಿ ಬೇಗ ಅಂತ. ಟಿಶ್ಯೂ ಪೇಪರಿನ ನಂತರ ಮೊದಲ ಸಲ ನನ್ನ ಬೆನ್ನು ತಟ್ಟಿದ್ದು.

ಅವನು ಹೋದ ಮೇಲೆ ಕಾಕಾ ನಿಧಾನ ಹೇಳಿದ್ರು. "ಆತು ತಮ್ಮಾ. ನೀನ ಆರಿಸು. ನೀ ಯಾವುದು ಆರಿಸ್ತಿಯೋ, ಅದರ ಮೊದಲ್ನೇ ಕಾಡತೂಸ ನೀನ ಹೊಡೀಬೇಕು."

ನಾನು ನಕ್ಕೆ. ಅವರು ನಗಲಿಲ್ಲ. ನನ್ನ ನಗು ಅರ್ಧದಲ್ಲಿ ಎಲ್ಲಿ ಹೋಯ್ತೋ.

ಆವತ್ತು ಮಧ್ಯಾಹ್ನ ಮೆಸ್ಸಿನಲ್ಲಿ ಬಿರಿಯಾನಿ ಇತ್ತು. ನಾನು ಬಿರಿಯಾನಿ ಬಿಟ್ಟು ಎದ್ದೆ ಅಂದ್ರೆ ನೀವೇ ಅಂದಾಜು ಮಾಡಿ. ಮುಖ ತೊಳೆಯುವಾಗ ಕನ್ನಡಿಯಲ್ಲಿ ನೋಡ್ಕೊಂಡೆ. ಅಂಥ ಚಂದದ ಮುಖ ಏನಲ್ಲ. ಎರಡು ಹುಡುಗಿಯರ ಮನೆಯವರು ಫೋಟೋ ನೋಡಿಯೇ ಬೇಡ ಅಂದ ಮುಖ. ಆದ್ರೆ ಇರುವುದು ಇದೊಂದೇ. ಈ ಮುಖ ರೈಫಲ್ಲಿನ ಹಿಂಬದಿಯ ಬೋಲ್ಟಿನ ಪಕ್ಕ ಇಡ್ಬೇಕು ಅಂತ ಆದ ಕೂಡಲೇ ನೀಲಿ ಲೈಟು, ಸ್ಪೀಡು ಎಲ್ಲ ಮರೆತುಹೋಯ್ತು. ಮತ್ತೆ ಮದ್ದಿನ ರೂಮಿಗೆ ಹೋಗಿ, ಮೇಜಿನ ಕಾಲು ಮುಟ್ಟಿ, ಈ ಸಲ ತಮಾಷೆಗಲ್ಲ, ಎರಡೂ ಮಶೀನುಗಳ ಮುಂದೆ ಕೂತೆ.

ಏಸಿ ಇಲ್ಲದಿದ್ದಾಗ ಎರಡೂ ಸರಿಯಾಗಿಯೇ ತೂಗಿದವು. ನಾನು ಮಾತ್ರ ಬೆವರಿ ಅರ್ಧ ಆದೆ. ತಡೀಲಿಕ್ಕಾಗದೆ, "ಕಾಕಾ, ಐದೇ ನಿಮಿಷ ಏಸಿ?" ಅಂತ ಕೇಳಿದೆ. ಬೈತಾರೆ ಅಂದ್ಕೊಂಡಿದ್ದೆ. ಅವರು, "ಹಚ್ಚು. ಅದೂ ಒಂದು ನೋಡೇ ಬಿಡೂಣು" ಅಂದ್ರು.

ಏಸಿ ಗಾಳಿ ಬಂದದ್ದೇ, ಬೂದು ಮಶೀನು ಕೂಗ್ಲಿಕ್ಕೆ ಶುರು ಮಾಡಿತು. ಪೀಂ ಪೀಂ ಪೀಂ. ಪರದೆಯಲ್ಲಿ ನಂಬರೇ ಇಲ್ಲ, ಬರೀ ಗೀಟು. ಒಂದು ಕಾಳೂ ಉದುರಿಸಲ್ಲ ಅಂತ ಹಟ. ಹಲ್ಲಿ ಕಂಡ ನಮ್ಮ ದೊಡ್ಡಮ್ಮನ ಹಾಗೆ. ಕಪ್ಪು ಮಶೀನು ಒಳ್ಳೇ ಧೈರ್ಯಸ್ಥ. ಒಂಚೂರೂ ಅಳುಕಲಿಲ್ಲ. ಸರ್ರಂತ ಉದುರಿಸಿತು, ಹಸಿರು ಲೈಟು ಹಾಕಿತು: ಎಲ್ಲ ಸರಿ ಉಂಟು ಅಂತ. ನಾನು ಅದಕ್ಕೆ ಚಪ್ಪಾಳೆಯೂ ತಟ್ಟಿದೆ. ಆಮೇಲೆ ಏಸಿ ಬಂದ್ ಮಾಡಿ, ಅದು ಕೊಟ್ಟ ಮದ್ದನ್ನು ಕಾಕಾನ ಹಳೇ ತಕ್ಕಡಿಗೆ ಹಾಕಿ ನೋಡಿದೆ. ಹೆಚ್ಚಿತ್ತು. ಮತ್ತೆ ಗಾಳಿ ಬಿಟ್ಟು ಇನ್ನೊಂದು ಸಲ. ಈಗ ಕಡಿಮೆ. ಇನ್ನೊಂದು ಸಲ. ತುಂಬಾ ಹೆಚ್ಚು... ಪ್ರತಿ ಸಲವೂ ಹಸಿರು ಲೈಟು.

ನನ್ನ ಬೆವರೆಲ್ಲ ಒಮ್ಮೆಲೇ ತಣ್ಣಗಾಯ್ತು. ಬೆಳಿಗ್ಗೆ ಇದನ್ನೇ ಬೇಕು ಅಂತ ಕುಣಿದವನು ನಾನು. ಯಾರಾದ್ರೂ ಒಬ್ಬ ಮರೆವಿನವ ಏಸಿ ಆನ್ ಮಾಡಿದ್ರೆ... ಆ ಮರೆವಿನವ ಯಾರು ಅಂತ ಇಡೀ ಕ್ಲಬ್ಬಿಗೆ ಗೊತ್ತಿತ್ತು. ಕೂಗ್ತಾ ಇದ್ದ ಆ ಬೂದು ಮಶೀನನ್ನು ನೋಡಿದೆ. ಸಣ್ಣ ಗಾಳಿಗೂ ಹೆದರಿ, ನನ್ನಿಂದ ಆಗುವುದಿಲ್ಲ ಅಂತ ಬೊಬ್ಬೆ ಹಾಕುವ ಮಶೀನು. ನನ್ನದೇ ಕುಟುಂಬ ಅಂತ ಅನಿಸಿತು.

"ಕಾಕಾ, ಹೆದರುವ ಮಶೀನೇ ಇರ್ಲಿ" ಅಂದೆ. ಕಾಕಾ ಚಾ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡ್ಕೊಂಡು ಕುಡಿದ್ರು. ಅವರು ಯಾವಾಗಲೂ ಹಾಗೆಯೇ ಹಿಡೀತಿದ್ದರು, ನನಗೆ ಅದು ಮಿಲಿಟರಿ ಸ್ಟೈಲು ಅಂತ ಕಾಣ್ತಿತ್ತು.

ಮ್ಯಾನೇಜರಿಗೆ ಹೇಳ್ಲಿಕ್ಕೆ ಹೋದೆ. "ಸರ್, ದಿಸ್ ಮಶೀನ್ ಫಿಯರ್. ಫಿಯರ್ ಗುಡ್" ಅಂದೆ. ಅವನು ಸ್ಲೋ, ಸ್ಲೋ ಅಂತ ಬೈದ. ಮೊದಲ ತೋಟಾ ಹೊಡೆಯುವುದು ಯಾರು ಅಂತ ಕೇಳಿದ. "ನಾನೇ" ಅಂದೆ. ಅವನು ಬೂದು ಮಶೀನಿನ ಬಿಲ್ಲಿಗೆ ಸಹಿ ಹಾಕಿದ.

ಮರುದಿನ ಬೆಳಿಗ್ಗೆ ಕಾಕಾ ರೇಂಜಿನವರ ಒಪ್ಪಿಗೆ ತಗೊಂಡು ನನ್ನನ್ನು ಚಾಪೆ ಮೇಲೆ ಮಲಗಿಸಿದ್ರು. ಕನ್ನಡಕ, ಕಿವಿಗೆ ಮುಚ್ಚಳ, ಎಲ್ಲ ಹಾಕಿದ್ರು. ರೈಫಲ್ಲಿನ ಮರ ಕೆನ್ನೆಗೆ ತಾಗಿತು. ಎದೆ ಬಡಿಯುವುದು ಕಿವಿ ಮುಚ್ಚಳದೊಳಗೆ ಚೆಂಡೆ ಹಾಗೆ ಕೇಳ್ತಿತ್ತು. ಪಲ್ಟನ್ನಿನ ಆ ಚಂದದ ಹುಡುಗ ನೆನಪಾದ. ಮಶೀನು ಸರಿ ತೂಗಿದ್ದು ನಾನೇ ನೋಡಿದ್ದೆ, ತಕ್ಕಡಿಯಲ್ಲೂ ನೋಡಿದ್ದೆ. ಆದ್ರೂ ಅದನ್ನು ಆರಿಸಿದ್ದು ನಾನಲ್ಲವಾ? ಟಿಶ್ಯೂ ಪೇಪರ್ ತರಿಸಿದ್ದೂ ನಾನೇ ಅಲ್ಲವಾ?

ಮುಚ್ಚಳ ಒಂದು ಬದಿ ಸರಿಸಿ, ಅಳುವ ಸ್ವರದಲ್ಲಿ ಕೇಳಿದೆ. "ಕಾಕಾ, ಈ ಒಂದು ಸಲ ನೀವೇ ಹೊಡೀರಿ. ದಮ್ಮಯ್ಯ."

ಕಾಕಾ ಕಿಸೆಯಿಂದ ಬಲಗೈ ತೆಗೆದು ನನ್ನ ಕಣ್ಣ ಮುಂದೆ ಹಿಡಿದ್ರು. ಕೈ ನಡುಗ್ತಾ ಇತ್ತು. ಚಳಿಯಲ್ಲಿ ನಡುಗುವ ಹಾಗಲ್ಲ, ನಿಲ್ಲಲಿಕ್ಕೇ ಗೊತ್ತಿಲ್ಲದ ಹಾಗೆ. "ಈ ಕೈಯಾಗ ಬಂದೂಕ ಕೊಟ್ರ ಗುಂಡು ಮ್ಯಾನೇಜರನ ಕಾರಿಗೆ ಹೊಕ್ಕೈತಿ" ಅಂದ್ರು. "ಈಗೀಗ ಚಮಚಾನೂ ನಿಲ್ಲವಲ್ದು, ತಮ್ಮಾ. ಯಾರಿಗೂ ಹೇಳಿಲ್ಲ."

ಆಗ ಗೊತ್ತಾಯ್ತು ಆ ಗ್ಲಾಸು ಯಾಕೆ ಎರಡು ಕೈಯಲ್ಲಿ ಅಂತ. ಮಶೀನು ಯಾಕೆ ಕೇಳಿದ್ರು ಅಂತ. ಇಷ್ಟು ದಿನ ಅವರು ಏಸಿಗೆ, ಫೋನಿಗೆ, ನನ್ನ ಅಂಗಿಗೆ ಹೆದರಿದ್ದನ್ನು ನೋಡಿ ನಕ್ಕಿದ್ದೆ. ಅವರು ಎಲ್ಲಕ್ಕಿಂತ ಹೆಚ್ಚು ಹೆದರ್ತಿದ್ದದ್ದು ಅವರದ್ದೇ ಕೈಗೆ.

ನಾನು ಕೆನ್ನೆಯನ್ನು ಮತ್ತೆ ರೈಫಲ್ಲಿನ ಮರಕ್ಕೆ ಒತ್ತಿದೆ.

ಆಮೇಲೆ ಕಾಕಾ ಮಾಡಿದ್ದು ನಾನು ಸಾಯುವ ತನಕ ಮರೆಯುವುದಿಲ್ಲ. ಅವರು ಹಿಂದೆ ಸರಿದು ನಿಲ್ಲಲಿಲ್ಲ. ಮೊಣಕಾಲು ಊರಿ, ಸೊಂಟ ಹಿಡ್ಕೊಂಡು, ನನ್ನ ಪಕ್ಕ ಚಾಪೆ ಮೇಲೆ ಮಲಗಿದ್ರು. ತಮ್ಮ ಕೆನ್ನೆ ತಂದು ನನ್ನ ಕೆನ್ನೆಗೆ ಹತ್ತಿರ ಇಟ್ರು. ಅವರ ಬಿಳಿ ಗಡ್ಡ ಚುಚ್ಚುವಷ್ಟು ಹತ್ತಿರ.

"ಹ್ಞೂಂ, ಹೊಡಿ" ಅಂದ್ರು. "ಹೋದ್ರ ಎರಡೂ ಮಾರಿ ಹೊಕ್ಕಾವು."

ಹೊಡೆದೆ. ಎರಡೂ ಕಣ್ಣು ಮುಚ್ಚಿ ಹೊಡೆದೆ. ಗುಂಡು ನನ್ನ ಗುರಿಗೆ ತಾಗಲಿಲ್ಲ, ಪಕ್ಕದ ಲೈನಿನ ಗುರಿಗೂ ತಾಗಲಿಲ್ಲ, ಹಿಂದಿನ ಮಣ್ಣಿನ ದಿಬ್ಬಕ್ಕೆ ಹೋಗಿ ಧೂಳೆಬ್ಬಿಸಿತು. ನಾನು ಕಣ್ಣು ತೆರೀಲಿಲ್ಲ. ನಡುಗುವ ಒಂದು ಕೈ ಬಂದು ನನ್ನ ಮೂಗು ಮುಟ್ಟಿತು. ಕಿವಿ ಮುಚ್ಚಳ ತೆಗೆದು ಒಂದು ಕಿವಿ, ಇನ್ನೊಂದು ಕಿವಿ. ಕೆನ್ನೆ.

"ಮಾರಿ ಐತೇನೋ?"

"ಐತಿ ಕಾಕಾ" ಅಂದೆ. ಪುತ್ತೂರಿನವನ ಬಾಯಲ್ಲಿ ಐತಿ. ಅವರು ಜೋರಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲವು ತಿಂಗಳಾದ ಮೇಲೆ ಕಾಕಾ ಕೆಲಸ ಬಿಟ್ಟು ಊರಿಗೆ ಹೋದ್ರು. ಕೈಯ ವಿಷಯ ಮ್ಯಾನೇಜರಿಗೆ ಅವರೇ ಹೇಳಿದ್ರು, ಯಾರೂ ಕಂಡುಹಿಡಿಯುವ ಮೊದಲೇ. ಹೋಗುವ ದಿನ ಬೂದು ಮಶೀನಿನ ಮೇಲೆ ಒಂದು ಒಗೆದ ಟವೆಲ್ಲು ಹೊದೆಸಿ ಹೋದ್ರು, ಮಗುವಿಗೆ ಹೊದೆಸಿದ ಹಾಗೆ. ಆಮೇಲೆ ಮೊದಲ ತೋಟಾ ನನ್ನದು. ಹೊಡೆದ ಮೇಲೆ ಪ್ರತಿ ಸಲ ಅವರಿಗೆ ಫೋನ್ ಮಾಡ್ತಿದ್ದೆ. ಹಲೋ ಇಲ್ಲ, ಎಂತ ಇಲ್ಲ. ಅವರು ಕೇಳ್ತಿದ್ದದ್ದು ಒಂದೇ ಪ್ರಶ್ನೆ, ನಾನು ಹೇಳ್ತಿದ್ದದ್ದು ಒಂದೇ ಉತ್ತರ.

ಹೋದ ಚಳಿಗಾಲದಲ್ಲಿ ಒಂದು ದಿನ ಫೋನ್ ಎತ್ತಿದ್ದು ಅವರ ಮಗಳು. ಅಪ್ಪ ಹೋಗಿ ವಾರ ಆತ್ರಿ ಅಂದ್ರು... ಕಡೆಕಡೆಗೆ ಚಮಚದಿಂದಲೇ ಚಾ ಕುಡಿಸ್ತಿದ್ರಂತೆ. ಕಣ್ಣು ಮುಚ್ಚಿ ಗುಂಡು ಹೊಡೆದ ಮಂಗಳೂರು ಕಡೆಯ ಹುಡುಗನ ಕತೆ ಹೇಳಿ, ಚಾ ಎಲ್ಲ ಮೈಮೇಲೆ ಚೆಲ್ಲಿಕೊಂಡು ನಗ್ತಿದ್ರಂತೆ. ನಾನು ರೇಂಜಿನಲ್ಲಿಯೇ ನಿಂತಿದ್ದೆ. ಹೊಡೆದ ವಾಸನೆ ಇನ್ನೂ ಗಾಳಿಯಲ್ಲಿತ್ತು. ಏನು ಹೇಳಿ ಫೋನ್ ಇಟ್ಟೆ ಅಂತ ನೆನಪಿಲ್ಲ.

ಈಗಲೂ ಮೊದಲ ತೋಟಾ ನಾನೇ ಹೊಡೀತೇನೆ. ಈಗಲೂ ಹೆದರಿಕೆ ಆಗ್ತದೆ, ಒಂದು ಕಾಳಿನಷ್ಟೂ ಕಡಿಮೆ ಆಗಿಲ್ಲ. ಹೊಡೆದ ಮೇಲೆ ಪಕ್ಕದಲ್ಲಿ ಚಾಪೆ ಖಾಲಿ ಇರ್ತದೆ, ಅದೊಂದಕ್ಕೆ ಅಭ್ಯಾಸ ಆಗಲಿಲ್ಲ.

ಮೊನ್ನೆ ದೋಸ್ತಿಯ ಮನೆಯಲ್ಲಿ ಬಾಗಿಲಿನ ಹಿಡಿ ಬಿಡಿಸಿ, ನೀರು ಕುಡಿಸಿ, ನನ್ನನ್ನು ಮತ್ತೆ ಸೋಫಾದಲ್ಲಿ ಕೂರಿಸಿದ್ರು. ಬಾಟಲಿ ಮುಚ್ಚಿ ಆಗಿತ್ತು, ಏಸಿ ಮತ್ತೆ ಓಡ್ತಾ ಇತ್ತು. ಫ್ರಿಜ್ಜಿನೊಳಗೆ ಯಾರದ್ದೋ ಫೋನು ರಿಂಗಾಗ್ತಿತ್ತು. "ಮುಖ ನೋಡಿ ನಿಮ್ದು, ಬಿಳಿ ಆಗಿದೆ" ಅಂತ ದೋಸ್ತಿಯ ಹೆಂಡತಿ ಮತ್ತೆ ಅಂದ್ರು. ನಾನು ಮೂಗು ಮುಟ್ಟಿ ನೋಡಿದೆ. ಎರಡೂ ಕಿವಿ ಮುಟ್ಟಿದೆ. ಕೆನ್ನೆ ಸವರಿದೆ.

"ಮಾರಿ ಐತಿ" ಅಂದೆ.

ಗಂಡ ಹೆಂಡತಿ ಇಬ್ಬರೂ ಮುಖಮುಖ ನೋಡಿಕೊಂಡ್ರು. ಆ ರೂಮಿನಲ್ಲಿ ಯಾರಿಗೂ ಅದು ಅರ್ಥ ಆಗಲಿಲ್ಲ.