ಮೂರು ರೊಟ್ಟಿ, ಮುಕ್ಕಾಲು ಪಾಲು

ದೇವದುರ್ಗದ ಪ್ರಾಥಮಿಕ ಶಾಲೆಯ ಉರುಕುಂದಪ್ಪ ಮಾಸ್ತರರಿಗೆ ಭಿನ್ನರಾಶಿಯ ಭಾಗಾಕಾರವೆಂದರೆ ಒಂದೇ ಮಂತ್ರ: ಎರಡನೆಯದನ್ನು ತಲೆಕೆಳಗು ಮಾಡು, ಗುಣಿಸು. ಅರ್ಥ ಕೇಳಿದವರನ್ನೂ ತಲೆಕೆಳಗು ಮಾಡುವಷ್ಟು ಗತ್ತು ಅವರಿಗಿದ್ದುದರಿಂದ ಯಾರೂ ಕೇಳಿರಲಿಲ್ಲ.

೧೯೭೮ರ ದೀಪಾವಳಿ ಮುಗಿದ ಮೇಲೆ ಐದನೇ ತರಗತಿಯ ಹುಲಗೆಮ್ಮ ಕೇಳಿದಳು.

"ಸರ, ಭಾಗಿಸಿದ್ರ ಕಮ್ಮಿ ಆಗಬೇಕಲ್ರಿ. ಮೂರನ್ನ ಮುಕ್ಕಾಲಿಂದ ಭಾಗಿಸಿದ್ರ ನಾಕು ಹೆಂಗ ಬಂತ್ರಿ?"

"ಅದು ಮ್ಯಾಲಿನ ಕ್ಲಾಸಿನ್ಯಾಗ ಬರ್ತದ. ಕುಂದ್ರು."

"ನಾ ಮ್ಯಾಲಿನ ಕ್ಲಾಸಿಗೆ ಹೋಗಂಗಿಲ್ರಿ. ಸೋಮವಾರನ ಕಡೀ ದಿನ. ಆಮ್ಯಾಲ ಅವ್ವನ ಕೂಡ ದುಡ್ಯಾಕ ಹೋಗ್ತೀನಿ."

ಉತ್ತರ ಮಾಸ್ತರರಿಗೂ ಗೊತ್ತಿರಲಿಲ್ಲ.

ರವಿವಾರ ಮಾನ್ವಿಗೆ ಹೋಗಿ, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಷಡ್ಡಕ ಯಂಕೋಬನನ್ನು ಕೇಳಿದರು. ಯಂಕೋಬ ಕನ್ನಡಕ ಒರೆಸಿದ, ಮತ್ತೊಮ್ಮೆ ಒರೆಸಿದ. "ರೂಲ್ ಅದ, ಅದಕ್ಕ ಹಂಗ. ಹುಡುಗರನ್ನ ಭಾಳ ತಲಿಮ್ಯಾಲ ಕುಂದ್ರಿಸಿಕೊಂಡೀರಿ ನೀವು."

ತಿರುಗಿ ಬರುವಾಗ ಮಲ್ಲಟದ ಹತ್ತಿರ ಬಸ್ಸು ಪಂಕ್ಚರ್ ಆಯಿತು. ಬೇವಿನ ನೆರಳಿನಲ್ಲಿ ಕಂಡಕ್ಟರ್ ಸತ್ತಾರ್ ಸಾಬ್, ಡ್ರೈವರ್, ಬದನೆಕಾಯಿ ಬುಟ್ಟಿಯ ಪಾರ್ವತೆಮ್ಮ, ಮಾಸ್ತರರು. ಮಾಸ್ತರರ ಗಂಟಿನಲ್ಲಿ ಗರಿಗರಿಯಾದ ಮೂರು ಕಟಕ ರೊಟ್ಟಿ. ಸಭೆಯ ಅಧ್ಯಕ್ಷತೆ ವಹಿಸಿದವರ ಗಾಂಭೀರ್ಯದಿಂದ ಅವರು ನಾಲ್ವರಿಗೂ ಸಮನಾಗಿ ಹಂಚಲು ಒಂದೊಂದು ರೊಟ್ಟಿಯಿಂದಲೂ ಕಾಲು ಭಾಗ ಮುರಿದಿಟ್ಟರು. ಆ ಮೂರು ಚೂರು ಸೇರಿ ನಾಲ್ಕನೆಯ ಪಾಲಾಯಿತು. ಮಾಸ್ತರರು ತಿನ್ನಲಿಲ್ಲ, ನೋಡುತ್ತಲೇ ಕುಳಿತರು.

"ನೋಡಿದ್ರ ಹೊಟ್ಟಿ ತುಂಬತದಂದ್ರ ನಿಮ್ಮ ಪಾಲು ನನಗ ಕೊಡ್ರಿ ಮಾಸ್ತರ್ರ" ಎಂದ ಸತ್ತಾರ್ ಸಾಬ್. ಮಾಸ್ತರರಿಗೆ ಕೇಳಿಸಲಿಲ್ಲ. ರೊಟ್ಟಿ ಮೂರೇ, ಮುಕ್ಕಾಲಿನ ಪಾಲು ನಾಲ್ಕು!

ಸೋಮವಾರ ಮೇಜಿನ ಮೇಲೆ ಮೂರು ರೊಟ್ಟಿ ಇಟ್ಟರು. "ಹುಲಗೆಮ್ಮ, ಒಬ್ಬರಿಗೆ ಮುಕ್ಕಾಲು ರೊಟ್ಟಿ. ಎಷ್ಟು ಮಂದಿ ಉಣ್ತಾರ, ಮುರಿದು ನೋಡು."

ಅವಳು ಒಂದೊಂದನ್ನೂ ನಾಲ್ಕು ಚೂರು ಮಾಡಿ, ಮೂರು ಮೂರು ಚೂರಿನ ನಾಲ್ಕು ಗುಡ್ಡೆ ಹಾಕಿದಳು.

"ರೊಟ್ಟಿ ಹೆಚ್ಚಾಗಿಲ್ರಿ ಸರ, ಉಣ್ಣೋ ಮಂದಿ ಹೆಚ್ಚಾದ್ರು." ಆಮೇಲೆ ಹಲಗೆ ನೋಡಿ ನಿಧಾನವಾಗಿ, "ಚೂರು ಮಾಡಾಕ ನಾಕರಿಂದ ಗುಣಿಸಿದೆ, ಹಂಚಾಕ ಮೂರರಿಂದ ಭಾಗಿಸಿದೆ. ಮುಕ್ಕಾಲು ತಾನ ತಲಿಕೆಳಗಾತಲ್ರಿ."

ಬಸ್ಸಿನ ಹತ್ತಿರ ಮಾಸ್ತರರಿಗೆ ಅಷ್ಟು ದೂರದ ಯೋಚನೆ ಬಂದಿರಲಿಲ್ಲ. ಹಲಗೆಯ ಮೇಲಿದ್ದ ತಮ್ಮದೇ ಮಂತ್ರವನ್ನು ಮೊದಲ ಸಲ ಓದುವವರಂತೆ ಓದಿದರು.

ಹುಲಗೆಮ್ಮ ಒಂದು ಗುಡ್ಡೆಯಿಂದ ಚೂರೊಂದನ್ನು ತೆಗೆದು ಕಡಿದಳು. "ಮ್ಯಾಲಿನ ಕ್ಲಾಸಿನ್ಯಾಗ ಇನ್ನ ಏನೇನು ಬರ್ತದ್ರಿ?"

ಮಾಸ್ತರರು ಕುರ್ಚಿ ಬಿಟ್ಟು ಅವಳ ಎದುರು ನೆಲದ ಮೇಲೆ ಕುಳಿತರು. ಸಂಜೆಯ ಗಂಟೆ ಬಾರಿಸಲು ಇನ್ನೂ ಹೊತ್ತಿತ್ತು.