ಕೆಂಜೆಬೈ ಸಾಕಿದ ಮರಳು

ನಮ್ಮೂರಲ್ಲಿ ಹಾವು ಸಾಕಿದವರು ಇಬ್ಬರು. ಸಂತೆಯಲ್ಲಿ ಫೋಟೊ ತೆಗೆಯುವ ಬೊಲಾತನದು ಪರದೇಶದ ಹೆಬ್ಬಾವು. ಅದನ್ನು ಹೆಗಲಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು ಜನ ಸಾಲು ನಿಲ್ಲುತ್ತಾರೆ. ನಮ್ಮ ಪಕ್ಕದ ಮನೆಯ, ಪಂಕ್ಚರ್ ಅಂಗಡಿಯ ಕೆಂಜೆಬೈಯದು ಇದೇ ಸಿರ್‌ದರಿಯಾ ನದಿ ದಂಡೆಯ ಮಣ್ಣುಮುಕ್ಕ ಹಾವು. ಮೊಳದುದ್ದ, ಗಿಡ್ಡ ಬಾಲ, ಯಾವ ಕಡೆ ತಲೆಯೆಂದು ಹತ್ತಿರ ಹೋದರೂ ತಿಳಿಯದು. ಹಗಲೆಲ್ಲ ಗಾಜಿನ ಪೆಟ್ಟಿಗೆಯ ಮರಳಲ್ಲಿ ಹೂತುಕೊಂಡೇ ಇರುತ್ತಿತ್ತು. ಅದಕ್ಕೆ ಅವನಿಟ್ಟ ಹೆಸರು ಬೀಕೆ, ಎಂದರೆ ದೊರೆಸಾನಿ.

"ನೋಡ್ರಿ, ನಮ್ಮ ಬೀಕೆ!" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ.

"ಎಲ್ಲಪ್ಪಾ?"

"ಒಳಗವಳೆ."

"ಮರಳು ಸಾಕಿದೀಯ ಅನ್ನು. ಮೇವಿಗೇನು, ಸಿಮೆಂಟ್ ಹಾಕ್ತೀಯಾ?"

ಕೆಂಜೆಬೈ ಸೋಲುವವನಲ್ಲ. "ಕಚ್ಚಲ್ಲ, ಗಲಾಟೆ ಇಲ್ಲ, ಒಂದು ಇಲಿ ತಿಂದ್ರೆ ವಾರಗಟ್ಟಲೆ ಕೇಳಲ್ಲ. ಇವಳ ಬೆಲೆ ಈ ಊರಿಗೆ ಗೊತ್ತಿಲ್ಲ," ಎನ್ನುತ್ತಿದ್ದ. ಕಣ್ಣಿಗೇ ಬೀಳದವರನ್ನು ಹೊಗಳುವ ಅಭ್ಯಾಸ ನಮ್ಮವರಿಗೆ ಇದೆ, ಆದರೆ ಅದು ಚುನಾವಣೆ ಕಾಲಕ್ಕೆ ಮಾತ್ರ.

ಹೆಂಡತಿ ರಾಬಿಗಾಳ ಸಿಟ್ಟು ಬೇರೆ. ಹಾವಿನ ಮರಳನ್ನು ಶುಚಿ ಮಾಡಲು ಆತ ಅವಳ ಹಿಟ್ಟಿನ ಜರಡಿಯನ್ನೇ ಎತ್ತಿಕೊಂಡಿದ್ದ. "ನಾನೋ ಆ ಹುಳವೋ, ಒಂದು ತೀರ್ಮಾನ ಮಾಡು," ಎಂದು ಅವಳು ದಿನಾ ಕೂಗಾಡುತ್ತಿದ್ದಳು. ಅವನು ತೀರ್ಮಾನ ಮಾಡುವ ಗೋಜಿಗೇ ಹೋಗಲಿಲ್ಲ.

ಹೀಗಿರುವಾಗ ಅವರ ಒಬ್ಬಳೇ ಮಗಳು ಮೆರುವೆರ್ತ್‌ಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗಿ ಮೆಚ್ಚಿದ ಹುಡುಗನೇ; ಈ ಸಂಬಂಧ ತಪ್ಪಿದರೆ ಬೇರೆ ಮದುವೆ ಬೇಡವೆಂದು ಕೂತಿದ್ದಳು. ಎರಡೂ ಕಡೆಯವರು ಕುರಿಯ ಈಲಿ, ಬಾಲದ ಕೊಬ್ಬು ತಿಂದರೆ ನಮ್ಮಲ್ಲಿ ಮದುವೆ ಮಾತು ಗಟ್ಟಿಯಾದಂತೆ. ಆದರೆ ಹುಡುಗನ ಅಜ್ಜಿ ಉಲ್ಜಾನ್ ತಟ್ಟೆ ಮುಟ್ಟಲಿಲ್ಲ. ಹುಡುಗಿಯ ಕತ್ತರಿಸಿದ ಕೂದಲನ್ನೇ ನೋಡಿ ನಿಟ್ಟುಸಿರು ಬಿಡುತ್ತಿದ್ದಳು.

ಅಷ್ಟರಲ್ಲಿ ಹಾಸಿಗೆಗಳ ಒಟ್ಟಿಲಿನ ಹಿಂದಿನಿಂದ ಬೀಕೆ ಹೊರಬಂದಳು. ಹೆಂಡತಿಯ ಅಪ್ಪಣೆಯಂತೆ ಪೆಟ್ಟಿಗೆಯನ್ನು ಅಲ್ಲಿ ಬಚ್ಚಿಟ್ಟ ಮಹಾಶಯ ಮುಚ್ಚಳ ಸರಿಯಾಗಿ ಹಾಕಿರಲಿಲ್ಲ. ಬೀಗರು ಎದ್ದು ಗೋಡೆಗೆ ಅಂಟಿಕೊಂಡರು.

"ಕೂತ್ಕೊಳ್ರೋ ಹೇಡಿಗಳಾ!" ಎಂದಳು ಅಜ್ಜಿ. "ಮನೆಗೆ ಬಂದ ಹಾವು ಅತಿಥಿ. ಐರಾನ್ ತಗೊಂಬಾ ಮಗಳೇ."

ಮೆರುವೆರ್ತ್ ಬಟ್ಟಲು ತುಂಬ ಮಜ್ಜಿಗೆ ತಂದಳು. ಒಳಗೆ ಬಂದ ಹಾವನ್ನು ನಮ್ಮವರು ಹೊಡೆಯುವುದಿಲ್ಲ. ತಲೆಗೆ ಬಿಳಿಯದನ್ನು ಹೊಯ್ದು ಗೌರವದಿಂದ ಕಳಿಸುತ್ತಾರೆ. ಅಜ್ಜಿ ತಾನೇ ಹೊಯ್ದಳು. ಬೀಕೆ ಮಿಸುಕಲಿಲ್ಲ.

"ಎಷ್ಟು ಮರ್ಯಾದಸ್ಥ ಹಾವು! ಬುಸ್ ಅನ್ನಲ್ಲ, ಓಡಲ್ಲ. ನನ್ನ ಜನ್ಮದಲ್ಲಿ ಇಂಥದ್ದು ಕಂಡಿಲ್ಲ. ಹುಡುಗಿ ಕಾಲ್ಗುಣ ನೋಡ್ರಿ!"

ಕೆಂಜೆಬೈಯ ಮುಖ ಅರಳಿತು. ಈ ಮಾತಿಗಾಗಿ ಎಷ್ಟು ವರ್ಷ ಕಾದಿದ್ದನೋ ಪಾಪ! ನನ್ನದೇ ಎನ್ನಲು ಬಾಯಿ ತೆರೆದ. ರಾಬಿಗಾ ಅವನ ತೊಡೆ ಚಿವುಟಿದಳು. ಸಾಕಿದ ಹಾವೆಂದು ತಿಳಿದರೆ ಶಕುನ ಹೋಗಿ ಮೋಸವಾಗುತ್ತದೆ, ಅಜ್ಜಿ ಎದ್ದು ಹೋಗುತ್ತಾಳೆ. ಅವನು ಮಗಳನ್ನು ನೋಡಿದ, ಬಾಯಿ ಮುಚ್ಚಿಕೊಂಡ.

"ಯಜಮಾನ ನೀನು. ಬಾಗಿಲು ತೆಗೆದು ನೀನೇ ಕಳಿಸ್ಕೊಡಪ್ಪ," ಎಂದಳು ಅಜ್ಜಿ.

ಬಾಗಿಲು ತೆರೆದ. ಹೊಸ್ತಿಲವರೆಗೆ ಹೋದ ಬೀಕೆ ತಿರುಗಿ ಬಂದು ಅವನ ಬೆಚ್ಚನೆಯ ಪಾದವನ್ನು ಸುತ್ತಿಕೊಂಡಳು.

"ಬಿಟ್ಟು ಹೋಗಲ್ಲ ಅಂತಿದೆ!" ಎಂದು ಅಜ್ಜಿ ಕಣ್ಣೊರೆಸಿಕೊಂಡಳು.

ಕೆಂಜೆಬೈ ಬಗ್ಗಿ, ಎರಡೂ ಕೈಯಲ್ಲಿ ಎತ್ತಿ, ಹೊರಗಿನ ಮರಳ ಮೇಲೆ ಬಿಟ್ಟ. "ಹೋಗವ್ವ," ಎಂದ. ಕಣ್ಣು ಮಿಟುಕಿಸುವಷ್ಟರಲ್ಲಿ ಅವಳು ಮರಳಲ್ಲಿ ಮಾಯವಾದಳು. ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರಿಲ್ಲ. ಅಜ್ಜಿ ತಾನೂ ಈಲಿ ತಿಂದು ಅವನ ಬಾಯಿಗೂ ತುರುಕಿದಳು. ಅವನ ಕೆನ್ನೆ ಒದ್ದೆಯಾಗಿತ್ತು. ಆನಂದಬಾಷ್ಪ ಎಂದರು ಬೀಗರು.

ಮರುದಿನ ಬೆಳಿಗ್ಗೆ ನೋಡಿದರೆ ಅವರ ಬಾಗಿಲ ಮುಂದೆ ರಾಬಿಗಾ ಜರಡಿ ಹಿಡಿದು ಮರಳು ಸೋಸುತ್ತಿದ್ದಳು.

"ಏನತ್ತಿಗೆ, ರೊಟ್ಟಿಗಾ?" ಎಂದೆ.

"ಬಾಯಿ ಮುಚ್ಕೊಂಡು ಆ ಕಡೆಯಿಂದ ಮರಳು ತೋಡು ಮೈದುನ," ಎಂದಳು. "ನಿಮ್ಮಣ್ಣ ರಾತ್ರಿಯಿಂದ ಖಾಲಿ ಪೆಟ್ಟಿಗೆ ಮುಂದೆ ಕೂತವ್ರೆ. ಹಿಟ್ಟಿಗೆ ಬೇರೆ ಜರಡಿ ತಗೋತೀನಿ. ಇದು ಅವಳದ್ದೇ."