ಚಿಕ್ಕತಾತನನ್ನು ಬಾವಿಯಲ್ಲಿ ಹುಡುಕಿದ್ದು

ಆಗೆಲ್ಲ ಊರೆಂದರೆ ಎಲ್ಲರಿಗೂ ಎಲ್ಲರೂ ಗೊತ್ತು, ಈಗ ಪಕ್ಕದ ಸೈಟಿನವರ ಹೆಸರೂ ಗೊತ್ತಿಲ್ಲ ಎಂದು ಯಾರಾದರೂ ಶುರುಮಾಡಿದರೆ ನನ್ನ ನಾಲಗೆ ತುರಿಸುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾಲ್ಕು ವರ್ಷ ಗಂಟಲು ಹರಿದುಕೊಂಡವಳ ಚಟ ಅದು. ಆದರೆ ಈ ಒಂದು ವಿಷಯದಲ್ಲಿ ಗೆಲ್ಲುವ ಹುರುಪು ನನಗಿಲ್ಲ. ಒಪ್ಪುತ್ತೇನೆ, ಎಲ್ಲರಿಗೂ ಎಲ್ಲರೂ ಗೊತ್ತಿದ್ದರು. ಅದಕ್ಕೇ ನಮ್ಮ ಚಿಕ್ಕತಾತ ಕಳೆದುಹೋದ. ಅದಕ್ಕೇ ಸಿಗಲೂ ಇಲ್ಲ.

ನನಗಾಗ ಎಂಟು ವರ್ಷ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ಯಲಹಂಕದಿಂದ ಈಚೆಗೆ, ಬಳ್ಳಾರಿ ರಸ್ತೆಯಿಂದ ಒಂದು ಮೈಲಿ ಒಳಗೆ ನಮ್ಮೂರು. ಅದು ನೀಲಿ ದ್ರಾಕ್ಷಿ ಕೊಯ್ಯುವ ಕಾಲ. ಚಪ್ಪರದ ಕೆಳಗೆ ಕೂತರೆ ಬಳ್ಳಿಗೆ ಹೊಡೆದ ಮೈಲುತುತ್ತದ ಘಾಟು, ಮಾಗಿದ ಹಣ್ಣಿನ ಹುಳಿವಾಸನೆ, ಒದ್ದೆ ಮಣ್ಣಿನ ತಂಪು ಎಲ್ಲ ಒಟ್ಟಿಗೆ ಮೂಗಿಗೆ ಬರುತ್ತಿದ್ದವು. ಉದುರಿದ ಹಣ್ಣು ನಮ್ಮ ಪಾಲು. ಬೀಜವನ್ನು ಯಾರು ದೂರ ಉಗುಳುತ್ತಾರೆ ಎಂದು ಪಂದ್ಯ ಕಟ್ಟುತ್ತಿದ್ದೆವು. ಆ ಎರಡು ತಿಂಗಳು ನಮ್ಮ ನಾಲಗೆ, ಅಂಗೈ, ಲಂಗದ ಅಂಚು ಯಾವುದರಿಂದಲೂ ನೀಲಿ ಹೋಗುತ್ತಿರಲಿಲ್ಲ.

ಚಿಕ್ಕತಾತ ಎಂದರೆ ನಮ್ಮ ತಾತನ ತಮ್ಮ ಪಿಳ್ಳಪ್ಪ. ಅವನಿಗೂ ಚಿಕ್ಕಜ್ಜಿಗೂ ಮಕ್ಕಳಿರಲಿಲ್ಲ, ನಮ್ಮ ಜೊತೆಯಲ್ಲೇ ಇದ್ದರು. ಪ್ರಾಯದಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಬೆಲ್ಲ, ಆಲೂಗಡ್ಡೆ ಹೇರಿಕೊಂಡು ಯಶವಂತಪುರದ ಗೂಡ್ಸ್ ಶೆಡ್ಡಿನವರೆಗೂ ಹೋಗಿಬರುತ್ತಿದ್ದ. ದಾರಿಯುದ್ದಕ್ಕೂ ಅವನು ಗೊತ್ತಿಲ್ಲದ ಟೀ ಅಂಗಡಿ ಇರಲಿಲ್ಲ. ಎರಡು ವರ್ಷದಿಂದ ಮಾತ್ರ ಉಂಡು ಕೈತೊಳೆದವನು ಮತ್ತೆ ತಟ್ಟೆ ಮುಂದೆ ಕೂರುತ್ತಿದ್ದ. ವಯಸ್ಸಾಯ್ತು ಎಂದು ಮನೆಯವರು ನಕ್ಕುಬಿಡುತ್ತಿದ್ದರು.

ಆ ಬೆಳಗ್ಗೆ ನಾನು ಕುಕ್ಕೆಗಳಿಗೆ ಹಾಸುವ ಹಳೇ ಪೇಪರು ಹೊತ್ತು ತೋಟಕ್ಕೆ ಹೊರಟಿದ್ದೆ. ಚಿಕ್ಕತಾತ ಬಾವಿಯ ಕಟ್ಟೆಯ ಮೇಲೆ ಕೂತಿದ್ದ. ನಾನು ನೋಡುತ್ತಿದ್ದಂತೆ ಎದ್ದ, ಬರಿಗಾಲಲ್ಲೇ ಬದುವಿನ ಮೇಲೆ ಹೆದ್ದಾರಿಯ ಕಡೆ ನಡೆದ.

"ಎಲ್ಗೆ ತಾತ?" ಎಂದೆ.

"ಎತ್ತು ಬುಟ್ ಬಂದಿವ್ನಿ ಪಾಪ. ಒಡ್ಕೊಂಡ್ ಬತ್ತೀನಿ."

ನಮ್ಮನೆಯಲ್ಲಿ ಎತ್ತು ಇರಲಿಲ್ಲ. ಅವನ ಜೋಡಿ ನಾನು ಹುಟ್ಟುವ ಮೊದಲೇ ಸತ್ತಿತ್ತು. ಎಂಟು ವರ್ಷದ ತಲೆಗೆ ಇದು ಹೊಳೆಯಿತು. ಹೊಳೆದು, ಹಾಗೇ ಹೋಯಿತು. ದ್ರಾಕ್ಷಿ ಕಾಯುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಬರಲಿಲ್ಲವೆಂದು ಚಿಕ್ಕಜ್ಜಿ ಹುಡುಕಿಸಿದಳು. ಬಾವಿಯ ಕಟ್ಟೆ ಪಕ್ಕದಲ್ಲಿ ಅವನ ಎಕ್ಕಡ ಸಿಕ್ಕಿತು. ಅಷ್ಟೇ ಸಾಕಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ನಮ್ಮೂರಲ್ಲಿ ಬಾವಿ ಎಂದರೆ ಗಂಗಮ್ಮ, ಕಟ್ಟೆ ಹತ್ತುವ ಮುಂಚೆ ಯಾರೇ ಆಗಲಿ ಎಕ್ಕಡ ಬಿಡಲೇಬೇಕು. ಚಿಕ್ಕತಾತ ದಿನಾ ಬಿಡುತ್ತಿದ್ದ. ಅವತ್ತು ಮತ್ತೆ ಮೆಟ್ಟಿಕೊಳ್ಳಲು ಮರೆತಿದ್ದ, ಎಲ್ಲ ಮರೆಯುವ ಹಾಗೇ. ಅವನ ಎಕ್ಕಡ ನೋಡಿ "ಬಿದ್ದ್‌ಬುಟ್ಟ ಕಣ್ರಪ್ಪ" ಎಂದು ಕುಸಿದು ಕೂತ ದೊಡ್ಡಪ್ಪನ ಎಕ್ಕಡವೂ ಅದರ ಪಕ್ಕದಲ್ಲೇ ಇತ್ತು. ಓಡಿಬಂದ ಹತ್ತಿಪ್ಪತ್ತು ಜನ ಅಷ್ಟು ಗಾಬರಿಯಲ್ಲೂ ಎಕ್ಕಡ ಬಿಟ್ಟೇ ಕಟ್ಟೆ ಹತ್ತಿ ಬಗ್ಗಿ ನೋಡಿದರು.

ದೊಡ್ಡಪ್ಪ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಳಿದರು, "ಬಾವಿತಾವ ತಾತುನ್ನ ಯಾರಾರ ನೋಡಿದ್ರಾ?"

"ನಾನ್ ನೋಡ್ದೆ," ಎಂದೆ. "ಕಟ್ಟೆ ಮೇಲೆ ಕೂತಿದ್ದ."

ಮುಂದಿನದನ್ನು ಹೇಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಹೆಂಗಸರು ಗೊಳೋ ಎಂದರು. ಯಾರೋ ನನ್ನನ್ನು ಎತ್ತಿಕೊಂಡರು, ಯಾರೋ ತಲೆ ಸವರಿದರು. ಆಮೇಲೆ ಬಂದಬಂದವರಿಗೆಲ್ಲ ನನ್ನನ್ನೇ ಕರೆದು ತೋರಿಸಿದರು: ಈ ಪಾಪುನೇ ಕಡೇಲಿ ನೋಡಿದ್ದು. ನಾನೂ ಹೇಳಿದ್ದೇ ಹೇಳಿದೆ, ಕಟ್ಟೆ ಮೇಲೆ ಕೂತಿದ್ದ. ಹತ್ತು ಸಲ ಹೇಳುವ ಹೊತ್ತಿಗೆ ನನ್ನ ಕಣ್ಣಲ್ಲೂ ಅವನು ಕಟ್ಟೆ ಬಿಟ್ಟು ಏಳುತ್ತಲೇ ಇರಲಿಲ್ಲ. ನಾನು ಸುಳ್ಳು ಹೇಳಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಆಮೇಲೇನಾಯ್ತು ಎಂದು ಕೇಳುವವರು ಇಡೀ ಊರಲ್ಲಿ ಒಬ್ಬರೂ ಇರಲಿಲ್ಲ, ಕೇಳದಿದ್ದರೂ ಹೇಳುವಷ್ಟು ಬುದ್ಧಿ ನನಗಿರಲಿಲ್ಲ.

ಬಾವಿ ದೊಡ್ಡದು, ಆಳ. ಮೊದಲು ಪಾತಾಳಗರಡಿ ಇಳಿಸಿದರು. ಬಿದ್ದ ಬಿಂದಿಗೆ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಒಂದು ಹಳೇ ಕೊಳಗ, ಎರಡು ಹಗ್ಗದ ತುಂಡು, ನನ್ನ ಅಕ್ಕ ಕಳೆದುಕೊಂಡು ಏಟು ತಿಂದಿದ್ದ ಹಿತ್ತಾಳೆ ಚೊಂಬು ಬಂತು. ಆಮೇಲೆ ನೀರು ಹೊಡೆಯಲು ಆಯಿಲ್ ಇಂಜಿನ್ ಕೂರಿಸಿದರು. ಇಂಜಿನ್ ಎಳೆದಷ್ಟೂ ಒರತೆ ತುಂಬಿಸುತ್ತಿತ್ತು. ಕೊಯ್ಲು ನಿಂತಿತು. ಕೊಯ್ದಿಟ್ಟ ಹಣ್ಣು ಕುಕ್ಕೆಯಲ್ಲೇ ಕೊಳೆತು ನೊಣ ಮುತ್ತಿತು. ಸುತ್ತಲಿನ ಹಳ್ಳಿಗಳಿಂದ ಜನ ಬಂದರು, ಮಜ್ಜಿಗೆ ಕುಡಿದರು, ಬಗ್ಗಿ ನೋಡಿದರು, ತಮ್ಮೂರಿನ ಬಾವಿಗಳ ಕಥೆ ಹೇಳಿದರು. ಅಷ್ಟು ಜನರಲ್ಲಿ ಕೆಲವರಾದರೂ ಅವನನ್ನು ದಾರಿಯಲ್ಲಿ ನೋಡಿದ್ದವರೇ. ಇವತ್ತೋ ನಿನ್ನೆಯೋ ಎಂದು ಅವರು ಲೆಕ್ಕ ಹಾಕಲಿಲ್ಲ. ಬಾವಿಗೆ ಬಿದ್ದವನನ್ನು ರಸ್ತೆಯಲ್ಲಿ ನೋಡಿದೆ ಎಂದು ಹೇಳುವುದಾದರೂ ಹೇಗೆ?

ನಮ್ಮೂರಿನವರು ಸೋಮಾರಿಗಳೆಂದು ನಾನು ಹೇಳುತ್ತಿಲ್ಲ. ಮೂರು ದಿನ ಯಾರೂ ಸರಿಯಾಗಿ ಉಣ್ಣಲಿಲ್ಲ, ಇಬ್ಬರಿಗೆ ಕೈಯ ಚರ್ಮ ಸುಲಿದಿತ್ತು. ಅವರು ಹುಡುಕಿದ್ದು ಹೆಣವನ್ನು, ಅಷ್ಟೇ. ನಡೆದುಹೋಗುತ್ತಿದ್ದ ಮನುಷ್ಯನನ್ನು ಯಾರೂ ಹುಡುಕಲಿಲ್ಲ.

ಮೂರನೆಯ ದಿನ ಇಂಜಿನ್ನಿನ ಬೆಲ್ಟು ಹರಿಯಿತು. ಹೊಸದು ತರಲು ಅಪ್ಪ ಸೈಕಲ್ ಹತ್ತಿ ಪೇಟೆಗೆ ಹೊರಟರು. ಹೆಬ್ಬಾಳ ಕೆರೆ ಏರಿಯ ಕೆಳಗೆ, ಎತ್ತಿಗೆ ಲಾಳ ಕಟ್ಟುವ ಬಾಷಾ ಸಾಬರ ಹತ್ತಿರ ನೀರು ಕುಡಿಯಲು ಇಳಿದರು. ಸಾಬರು ಚಿಕ್ಕತಾತನ ಗಾಡಿ ಕಾಲದ ಗೆಳೆಯ. ಅಪ್ಪ ಸಾವಿನ ಸುದ್ದಿ ಹೇಳಲು ಮಾತು ಹುಡುಕುತ್ತಿದ್ದಾಗ ಸಾಬರೇ, "ಪಿಳ್ಳಪ್ಪಣ್ಣ ಎತ್ತು ತಂದ್ರಾ?" ಎಂದರಂತೆ.

ಯಾವಾಗ ನೋಡಿದ್ರಿ ಎಂದರಂತೆ ಅಪ್ಪ.

"ಮೊನ್ನೆ ಇಲ್ಲೇ ಟೀ ಕುಡುದ್ರಲ್ಲ. ಯಶವಂತಪುರದಾಗೆ ಎತ್ತು ಬಿಟ್ಟಿದೀನಿ, ತರ್ಬೇಕು ಅಂದ್ರು. ಹೊಸ ಜೋಡಿ ತಗೊಂಡಿರ್ಬೇಕು ಅಂದ್ಕೊಂಡೆ. ನಿಮ್ ಚಿಕ್ಕಪ್ಪಂಗೆ ದಾರಿ ನಾನ್ ಹೇಳ್ಬೇಕಾ? ಕಾಲಾಗೆ ಚಪ್ಲಿ ಇರ್ಲಿಲ್ಲ, ನಂದೇ ಕೊಟ್ಟು ಕಳಿಸ್ದೆ."

ಅಪ್ಪ ಬೆಲ್ಟು ಮರೆತು ಯಶವಂತಪುರಕ್ಕೆ ಸೈಕಲ್ ತುಳಿದರು. ಗೂಡ್ಸ್ ಶೆಡ್ಡಿನ ಹಮಾಲರನ್ನು ಕೇಳಿದರು, ಮತ್ತಿಕೆರೆಯ ಬೀದಿಗಳಲ್ಲಿ ಕೇಳಿದರು, ಮಾರನೆಯ ದಿನ ದಾಸರಹಳ್ಳಿಯವರೆಗೂ ಹೋದರು. ಹೇಗಿದ್ದರು ಎಂದು ಅವರು ಕೇಳಿದರೆ ಅಪ್ಪ ಹೇಳಬಹುದಾಗಿದ್ದದ್ದು ಇಷ್ಟು: ಮುದುಕ, ಕಪ್ಪಗೆ, ಮಾಸಿದ ಪಂಚೆ, ತಲೆಗೆ ವಸ್ತ್ರ. ಚಿಕ್ಕತಾತನ ಫೋಟೋ ಒಂದೂ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದವನಿಗೆ ಫೋಟೋ ಯಾಕೆ? ಠಾಣೆಯಲ್ಲಿ ದೂರು ಬರೆದುಕೊಂಡ ಪೇದೆ, ಇಂಥವರು ಸಂತೆಯಲ್ಲಿ ನಿಂತರೆ ನೂರು ಜನ ಸಿಗುತ್ತಾರಲ್ಲ ಯಜಮಾನರೇ ಎಂದು ಬೇಸರದಿಂದಲೇ ಹೇಳಿದನಂತೆ. ತಪ್ಪೇನೂ ಹೇಳಲಿಲ್ಲ.

ಹೆಬ್ಬಾಳದವರೆಗೆ ಎಲ್ಲರಿಗೂ ಗೊತ್ತಿದ್ದವನೆಂದು ಯಾರೂ ತಡೆಯಲಿಲ್ಲ. ಹೆಬ್ಬಾಳ ದಾಟಿದ ಮೇಲೆ ಯಾರಿಗೂ ಗೊತ್ತಿಲ್ಲದವನೆಂದು ಯಾರೂ ತಡೆಯಲಿಲ್ಲ. ಇಷ್ಟೇ ನನ್ನ ವಾದ. ಇದನ್ನು ಕಟ್ಟಲು ನನಗೆ ಹತ್ತು ವರ್ಷ ಬೇಕಾಯಿತು. ಅಪ್ಪ ಮನೆಗೆ ಬಂದು ಎತ್ತಿನ ಮಾತು ಹೇಳಿದಾಗ ನಾನು ಕಂಬದ ಹಿಂದೆ ನಿಂತಿದ್ದೆ. ಮೊದಲ ದಿನವೇ ನನಗೆ ಗೊತ್ತಿತ್ತು ಎಂದು ಹೇಳಲಿಲ್ಲ. ಹೊಟ್ಟೆನೋವೆಂದು ಎರಡು ದಿನ ಮಲಗಿದೆ. ದ್ರಾಕ್ಷಿ ಜಾಸ್ತಿ ತಿಂದಿದ್ದಾಳೆ ಎಂದರು.

ವರ್ಷ ತುಂಬಿದಾಗ ಹಿರಿಯರು ಕೂತು ತಿಥಿ ಮಾಡಿ ಮುಗಿಸೋಣ ಎಂದರು. ಚಿಕ್ಕಜ್ಜಿ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಬಾವಿ ನೀರೆಲ್ಲ ಒಡುದ್ರಲ್ಲ, ಸಿಕ್ಕುದ್ರಾ?"

"ಇಲ್ಲ ಕಣವ್ವ," ಎಂದರು ದೊಡ್ಡಪ್ಪ.

"ಮತ್ತೆ ಎಂಗೆ ಸತ್ತೋದ್ರು ಅಂತೀರ? ನೋಡ್ದೋರು ಯಾರು?"

ಆಮೇಲೆ ನಾನು ಎಷ್ಟೋ ತೀರ್ಪುಗಾರರ ಮುಂದೆ ನಿಂತೆ, ಗೆದ್ದ ಕಪ್ಪುಗಳನ್ನು ತಂದು ಗೂಡಿನಲ್ಲಿಟ್ಟೆ. ಅಷ್ಟು ಚಿಕ್ಕದಾಗಿ, ಅಷ್ಟು ಸರಿಯಾಗಿ ಯಾರೂ ಎದುರು ಪಕ್ಷದ ಬಾಯಿ ಮುಚ್ಚಿಸಿದ್ದನ್ನು ನೋಡಿಲ್ಲ. ತಿಥಿ ನಿಂತಿತು. ಕುಂಕುಮ, ಬಳೆ ಉಳಿದವು. ರೇಷನ್ ಕಾರ್ಡಿನಲ್ಲಿ ಅವನ ಹೆಸರೂ ಉಳಿಯಿತು, ತೆಗೆಸಲು ಅವಳು ಬಿಡಲಿಲ್ಲ.

ಒಮ್ಮೆ, ಪಿಯುಸಿ ಓದುವಾಗ, ಅವಳಿಗೆ ಎಲ್ಲ ಹೇಳಿದೆ. ಬದುವಿನ ಮೇಲೆ ಹೋದದ್ದು, ಬರಿಗಾಲು, ಎತ್ತು. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಬೈಯುತ್ತಾಳೆಂದು ಕಾದೆ. ಸಿಪ್ಪೆ ಪಕ್ಕಕ್ಕೆ ತಳ್ಳಿ, "ನಗ್ತಾ ಇದ್ರಾ?" ಎಂದಳು. ಹೂಂ ಎಂದೆ. ಅದು ನನಗೆ ನಿಜಕ್ಕೂ ನೆನಪಿದೆಯೋ, ಅವಳು ಕೇಳಿದಳೆಂದು ಹೂಂ ಎಂದೆನೋ, ಇವತ್ತಿಗೂ ಹೇಳಲಾರೆ.

ಈಗ ಆ ಚಪ್ಪರಗಳಲ್ಲಿ ಅರ್ಧಕ್ಕರ್ಧ ಹೋಗಿವೆ. ಕಲ್ಲುಗೂಟ ಕಿತ್ತು ಸೈಟು ಮಾಡಿದ್ದಾರೆ. ಬಾವಿಯನ್ನು ಮಣ್ಣು ಹಾಕಿ ಮುಚ್ಚಿದರು. ಬಾಷಾ ಸಾಬರು ಇಲ್ಲ, ಲಾಳ ಕಟ್ಟಿಸುವ ಎತ್ತುಗಳೂ ಇಲ್ಲ. ಇದಕ್ಕೆಲ್ಲ ಅಳುವವರು ಅಳಲಿ. ನನಗೆ ಕಳೆದದ್ದು ಬಾಗಿಲಲ್ಲಿ ನಿಂತು ನೋಡ್ದೋರು ಯಾರು ಎಂದು ಕೇಳಿದ ಒಬ್ಬಳು. ಈ ವರ್ಷದ ಮಳೆಗಾಲಕ್ಕೆ ಮುಂಚೆ ಚಿಕ್ಕಜ್ಜಿ ತೀರಿಕೊಂಡಳು.

ರೇಷನ್ ಕಾರ್ಡಿನಿಂದ ಹೆಸರು ತೆಗೆಸಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಗುಮಾಸ್ತರು ಚಿಕ್ಕಜ್ಜಿಯ ಹೆಸರು ಹೊಡೆದು, ತಾರೀಕು ಬರೆದು, ಮೇಲಿನ ಸಾಲಿನ ಮೇಲೆ ಬೆರಳಿಟ್ಟರು.

"ಪಿಳ್ಳಪ್ಪ. ಇವ್ರು ಇದಾರಾ?"

ಅಪ್ಪ ನನ್ನ ಕಡೆ ನೋಡಿದರು. ನಾನು, "ಗೊತ್ತಿಲ್ಲ ಸಾರ್," ಎಂದೆ. ನಮ್ಮ ಮನೆಯವರು ಆ ಮಾತನ್ನು ಮೊದಲ ದಿನವೇ ಹೇಳಿದ್ದರೆ ಸಾಕಿತ್ತು.

"ಗೊತ್ತಿಲ್ಲ ಅಂತ ಬರೆಯೋಕೆ ಇದ್ರಲ್ಲಿ ಜಾಗ ಇಲ್ಲಮ್ಮ. ಇದಾರೆ ಅಂದ್ರೆ ಬಿಡ್ತೀನಿ, ಇಲ್ಲ ಅಂದ್ರೆ ತಾರೀಕು ಹೇಳಿ."

ಹಿಂದೆ ಸಾಲು ನಿಂತಿದ್ದವರು ಗೊಣಗತೊಡಗಿದರು. ಅಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು.

"ಕೆಳಗಡೆದೇ ತಾರೀಕು ಹಾಕ್ಬುಡಿ ಸ್ವಾಮಿ," ಎಂದರು. "ಇಬ್ರುದೂ ಒಂದೇ ದಿನ."